‘ಇನ್‌ಸೈಡ್’ ಮುಗಿಸಿದೆ. 10ಕ್ಕೆ 10 ಕೊಟ್ಟವರು ಎಂತ ನೋಡಿ ಕೊಟ್ಟದ್ದು?

ಪೊಸಡಿಗುಂಪೆ

ವಿಷಯ ಹಳತು, ಗೊತ್ತು. ‘ಇನ್‌ಸೈಡ್’ ವಿಡಿಯೊ ಗೇಮ್ ಬಂದದ್ದು 2016ರಲ್ಲಿ, ನಾನು ಆಡಿದ್ದು ಕಳೆದ ವಾರ. ಸೇಲ್‌ನಲ್ಲಿ ಇತ್ತು, ತಗೊಂಡೆ. ಹೊರಗೆ ಬಿಡದೆ ಮಳೆ. ಅಡಿಕೆಗೆ ಮದ್ದು ಬಿಡುವವರು ಬರಲಿಲ್ಲ, ನನಗೂ ರಜೆ ಸಿಕ್ಕಿದ ಹಾಗಾಯಿತು. ಊಟ ಮಾಡಿ ಎಂಟಕ್ಕೆ ಕೂತವನು ಹನ್ನೆರಡು ಹೊಡೆಯುವ ಮೊದಲೇ ಮುಗಿಸಿ ಎದ್ದೆ. ನಡುವೆ ಎರಡು ಸಲ ಕರೆಂಟ್ ಹೋದದ್ದೂ ಸೇರಿಸಿ.

ಆಡದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕೆಂಪು ಅಂಗಿಯ ಒಬ್ಬ ಹುಡುಗ. ಮುಖದಲ್ಲಿ ಕಣ್ಣು ಮೂಗು ಏನೂ ಕಾಣುವುದಿಲ್ಲ. ಬಂಡೆ ಜಾರಿ ಕಾಡಿಗೆ ಇಳಿಯುತ್ತಾನೆ. ಟಾರ್ಚ್ ಹಿಡಿದ ಜನ ಹುಡುಕುತ್ತಿದ್ದಾರೆ, ನಾಯಿ ಬಿಟ್ಟಿದ್ದಾರೆ. ನೀವು ಎಡದಿಂದ ಬಲಕ್ಕೆ ಓಡಬೇಕು. ಹಾರುವುದು, ಹಿಡಿದು ಎಳೆಯುವುದು, ಇಷ್ಟೇ ಕೆಲಸ. ಯಾಕೆ ಓಡುವುದು, ಎಲ್ಲಿಗೆ ಓಡುವುದು ಅಂತ ಯಾರೂ ಹೇಳುವುದಿಲ್ಲ. ಕಾಡು, ಹಂದಿ ಕೊಟ್ಟಿಗೆ, ಕಾರ್ಖಾನೆ, ನೀರು ತುಂಬಿದ ಪ್ರಯೋಗಶಾಲೆ, ಹೀಗೆ ಒಳಗೆ ಒಳಗೆ ಹೋಗುತ್ತಾನೆ. ಹೆದರಿಕೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆ ನೀರಿನೊಳಗಿನ ಕೂದಲು ಬಿಚ್ಚಿದ ಹುಡುಗಿ ಬೆನ್ನು ಹತ್ತಿದಾಗ ನಾನು ಕಾಲು ಮೇಲೆ ತೆಗೆದು ಕೂತಿದ್ದೆ.

ಇನ್ನು ನನ್ನ ತಕರಾರು. ಮುಗಿಸಿದ ಮೇಲೆ ವಿಮರ್ಶೆ ಓದಲು ಕೂತೆ. ಐಜಿಎನ್ ಅನ್ನುವ ಗೇಮ್ ಸೈಟ್ 10ಕ್ಕೆ 10. ವಿಮರ್ಶಕರ ಅಂಕ ಎಲ್ಲ ಒಟ್ಟು ಮಾಡುವ ಮೆಟಾಕ್ರಿಟಿಕ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಅನ್ನುವ ಗೇಮ್ ಯಂತ್ರದ ಆವೃತ್ತಿಗೆ ನೂರಕ್ಕೆ 93. ನಾನು ಓದಿದ ಐದಾರು ವಿಮರ್ಶೆಯಲ್ಲೂ ಒಂದೇ ರಾಗ: ಜಾಸ್ತಿ ಹೇಳಿದರೆ ಮಜಾ ಹೋಗುತ್ತದೆ, ನೀವೇ ಆಡಿ ನೋಡಿ. ಕೊನೆಯ ಅರ್ಧ ಗಂಟೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ತಕರಾರು ಇರುವುದೇ ಆ ಅರ್ಧ ಗಂಟೆಯ ಮೇಲೆ! ಮದುವೆ ಊಟ ಮಾಡಿ ಬಂದವನು ಸಾಂಬಾರು, ಪಲ್ಯ, ಬಾಳೆ ಎಲೆ ಎಲ್ಲ ಹೊಗಳುತ್ತಾನೆ. ಪಾಯಸ ಹೇಗಿತ್ತು ಅಂತ ಕೇಳಿದರೆ ‘ನೀವೇ ಉಂಡು ನೋಡಿ’ ಅನ್ನುತ್ತಾನೆ. ಪಾಯಸ ಹಳಸಿದ್ದರೆ?

ನಿರ್ವಾಹಕ

ಆಟ ಬಂದು ವರ್ಷಗಳೇ ಆಯಿತು. ಕೊನೆಯ ಬಗ್ಗೆ ಬಿಚ್ಚಿ ಮಾತಾಡಬಹುದು. ಇನ್ನೂ ಆಡದವರು, ಆಡುವ ಆಸೆ ಇರುವವರು ಇಲ್ಲಿಂದ ಕೆಳಗೆ ಓದಬೇಡಿ.

ಉಪ್ಪಳ_ಗೇಟ್

ಓದಬೇಡಿ ಅಂದ ಕೂಡಲೇ ಪೂರ್ತಿ ಓದಿದೆ.

ನೀರ್ಚಾಲು_ನೆಟ್

ಗುಂಪೆ ಅಣ್ಣ, ನಾನು ನಿಮ್ಮ ಪಾರ್ಟಿ. ಬಂದ ಹೊಸತರಲ್ಲಿ ಅದರ ರೇಟು 20 ಡಾಲರ್. ಮೂರೂವರೆ ಗಂಟೆಯ ಆಟಕ್ಕೆ! ಅದೇ ಕಂಪೆನಿಯ ‘ಲಿಂಬೊ’ 2010ರ ಜುಲೈಯಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದಾಗಲೂ ಇದೇ ಮಾತು ಬಂದಿತ್ತು. ಆಗ 1200 ಮೈಕ್ರೋಸಾಫ್ಟ್ ಪಾಯಿಂಟ್, ಅಂದರೆ 15 ಡಾಲರ್. ಹೊಗಳಿದವರಲ್ಲೇ ಕೆಲವರು ಇಷ್ಟು ಸಣ್ಣದಕ್ಕೆ ಇಷ್ಟು ಹಣವಾ ಅಂತ ಬರೆದಿದ್ದರು.

ವಿಮರ್ಶಕರಿಗೆ ಸಾಮಾನ್ಯವಾಗಿ ಆಟ ಪುಕ್ಕಟೆ ಬರುತ್ತದೆ. ನಲವತ್ತು ಗಂಟೆಯ ಆಟ ಮುಗಿಸಿ ಸುಸ್ತಾದವನ ಕೈಗೆ ಒಂದೇ ರಾತ್ರಿಯಲ್ಲಿ ಮುಗಿಯುವ ಆಟ ಸಿಕ್ಕಿದರೆ ಅವನಿಗೆ ಹಬ್ಬ. ನಾವು ಹಾಗಾ? ಒಂದು ತಗೊಂಡರೆ ಎರಡು ತಿಂಗಳು ಬರಬೇಕು.

ಜಾಯ್‌ಸ್ಟಿಕ್_ಜೋಯಿಸ

ನನ್ನ ಊರು ಮಂಜೇಶ್ವರ, ಹೊಟ್ಟೆಪಾಡು ಬೆಂಗಳೂರಿನಲ್ಲಿ. ಆಟಗಳ ಟೆಸ್ಟಿಂಗ್ ಕೆಲಸ. ಒಂದೇ ಗೋಡೆಗೆ ಮುನ್ನೂರು ಸಲ ಡಿಕ್ಕಿ ಹೊಡೆದು ಎಲ್ಲಿ ಕೈಕೊಡುತ್ತದೆ ಅಂತ ನೋಡುವುದಕ್ಕೆ ನನಗೆ ಸಂಬಳ. ಹಾಗಾಗಿ ನಾನು ನೋಡುವ ಕ್ರಮ ಸ್ವಲ್ಪ ಬೇರೆ.

ಮೊದಲು ಅಂಕದ ವಿಷಯ. 93 ಎಕ್ಸ್‌ಬಾಕ್ಸಿನದ್ದು. ಅದೇ ಆಟ ಎಂಟು ದಿನ ಬಿಟ್ಟು ಕಂಪ್ಯೂಟರಿಗೆ ಬಂತು. ಅಲ್ಲಿ 87. ಆಟ ಅದೇ, ಬರೆದವರು ಬೇರೆ, ಅಷ್ಟೇ. ಮೆಟಾಕ್ರಿಟಿಕ್‌ನವರು ಎಲ್ಲರ ಅಂಕ ಕೂಡಿಸಿ ಸುಮ್ನೆ ಭಾಗಿಸುವುದಿಲ್ಲ. ಕೆಲವು ಪತ್ರಿಕೆಗಳಿಗೆ ತೂಕ ಜಾಸ್ತಿ. ಯಾರಿಗೆ ಎಷ್ಟು ಅಂತ ಹೊರಗೆ ಹೇಳುವುದಿಲ್ಲ. ಹಾಗಾಗಿ ಆ ನಂಬ್ರ ಹಿಡಿದುಕೊಂಡು ಜಗಳ ಮಾಡುವುದು ಬೇಡ.

ಆದರೆ ಹೊಗಳಿಕೆ ಗಾಳಿಗುಳ್ಳೆ ಅಂತ ಹೇಳಿದರೆ ನಾನು ಒಪ್ಪುವುದಿಲ್ಲ. ಕೋಪನ್‌ಹೇಗನ್ನಿನ ಪ್ಲೇಡೆಡ್ ಸಣ್ಣ ಕಂಪೆನಿ. ಆರ್ನ್ಟ್ ಯೆನ್ಸೆನ್ ನಿರ್ದೇಶಕ. ‘ಲಿಂಬೊ’ ಆದ ಮೇಲೆ ಇನ್ನೊಂದು ಆಟ ಹೊರಗೆ ಬರಲು ಆರು ವರ್ಷ ಹಿಡಿಯಿತು. ಆರು ವರ್ಷ ಎಲ್ಲಿ ಹೋಯಿತು ಅಂತ ಹುಡುಗನ ಕಾಲು ನೋಡಿದರೆ ಗೊತ್ತಾಗುತ್ತದೆ. ಓಡಿ ಬಂದು ಅಂಚಿನಲ್ಲಿ ಬಟನ್ ಬಿಡಿ. ಸಟ್ಟನೆ ನಿಲ್ಲುವುದಿಲ್ಲ. ಮೈ ಮುಂದೆ ವಾಲುತ್ತದೆ, ಕೈ ಗಾಳಿಯಲ್ಲಿ ಆಡುತ್ತದೆ, ಮತ್ತೆ ಹಿಮ್ಮಡಿ ಊರುತ್ತಾನೆ. ಓಡಿ ದಣಿದರೆ ಉಸಿರಿನ ಸದ್ದು ಬದಲಾಗುತ್ತದೆ, ಆ ಉಸಿರು ಹೆಜ್ಜೆಗೆ ತಾಳ ಹಾಕಿದ ಹಾಗೆ ಕೂಡಿ ಬರುತ್ತದೆ. ನಾಯಿ ಹಿಡಿದು ಸತ್ತರೆ ಹಿನ್ನೆಲೆಯ ಸದ್ದು ಮೊದಲಿನಿಂದ ಶುರುವಾಗುವುದಿಲ್ಲ, ಎಲ್ಲಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಸತ್ತದ್ದು ನೀವು, ಆ ಜಾಗಕ್ಕೆ ಏನೂ ಆಗಲಿಲ್ಲ. ಇದು ಆಡುವಾಗ ಗೊತ್ತಾಗುವುದಿಲ್ಲ, ಹೆದರಿಕೆ ಮಾತ್ರ ಆಗುತ್ತದೆ.

ಇನ್ನೊಂದು. ಧ್ವನಿ ಮಾಡಿದ ಮಾರ್ಟಿನ್ ಸ್ಟಿಗ್ ಆಂಡರ್ಸನ್ ಒಂದು ನಿಜವಾದ ಮನುಷ್ಯನ ತಲೆಬುರುಡೆ ತರಿಸಿ, ಅದರ ಮೂಲಕ ಸದ್ದು ಹಾಯಿಸಿ, ಮತ್ತೆ ರೆಕಾರ್ಡ್ ಮಾಡಿದವರು. ನಮ್ಮ ಸ್ವರ ನಮಗೇ ತಲೆಯೊಳಗೆ ಕೇಳುವ ಹಾಗೆ ಇರಲಿ ಅಂತ. ಹೆಡ್‌ಫೋನ್ ಹಾಕದೆ ಆಡಿದವರು ಅರ್ಧ ಆಟ ಬಿಟ್ಟಿದ್ದಾರೆ.

2017ರಲ್ಲಿ ಬ್ರಿಟನ್ನಿನ ಬಾಫ್ಟಾದವರು ನಾಲ್ಕು ಪ್ರಶಸ್ತಿ ಕೊಟ್ಟರು. ಕಲೆ, ಆಟದ ವಿನ್ಯಾಸ, ಹೊಸ ಕಲ್ಪನೆ, ಇನ್ನೊಂದು ಕಥನಕ್ಕೆ. ಒಂದೂ ಮಾತಿಲ್ಲದ ಆಟಕ್ಕೆ ಕಥನದ ಪ್ರಶಸ್ತಿ! ಅದಕ್ಕೆ ಬೇಕಾದರೆ ಜಗಳ ಮಾಡಿ, ನಾನೂ ಸೇರುತ್ತೇನೆ.

ಉಪ್ಪಳ_ಗೇಟ್

ಒಂದಕ್ಷರ ಇಲ್ಲದ ಆಟ ಅಂದರೆ ನಮ್ಮ ಕಾಸರಗೋಡು ಜಿಲ್ಲೆಗೆ ಹೇಳಿ ಮಾಡಿಸಿದ್ದು. 1956ರಲ್ಲಿ ಕೇರಳಕ್ಕೆ ಸೇರಿದಲ್ಲಿಂದ ಬೋರ್ಡು ಯಾವ ಭಾಷೆಯಲ್ಲಿ ಅಂತ ಜಗಳ ಮಾಡಿ ಸುಸ್ತಾದವರು ನಾವು. ಹೆದರಿಸುವುದಾದರೆ ಹೀಗೆ ಹೆದರಿಸಿ ಮಾರಾಯ್ರೆ, ಅನುವಾದಕರು ಬೇಡ.

ಪೊಸಡಿಗುಂಪೆ

ಜೋಯಿಸ್ರೇ, ಕಾಲು ಕೈ ಉಸಿರು ಎಲ್ಲ ಒಪ್ಪಿದೆ. ಕೋಳಿಮರಿ ಜಾಗವಂತೂ ನನಗೆ ಇಷ್ಟ. ಮರಿಗಳು ಹುಡುಗನ ಹಿಂದೆ ಹಿಂದೆ ಬರುತ್ತವೆ, ಅವನು ಅವುಗಳನ್ನೇ ಯಂತ್ರಕ್ಕೆ ಎಳೆಸಿ ಗುಂಡಿನ ಹಾಗೆ ಹಾರಿಸುತ್ತಾನೆ. ಅಯ್ಯೋ ಅನ್ನುವಷ್ಟರಲ್ಲಿ ಬಿದ್ದವು ಎದ್ದು ಮತ್ತೆ ಚಿಂವ್ ಚಿಂವ್. ಅಷ್ಟರವರೆಗೆ ಹುಡುಗನನ್ನು ಪಾಪ ಅಂತ ನೋಡಿದವನು ಅಲ್ಲಿ ಒಮ್ಮೆ ಯೋಚನೆ ಮಾಡಿದೆ, ಇವನೂ ಸಾಚಾ ಅಲ್ಲ ಅಂತ.

ಆದರೆ ಕೊನೆ? ಇಷ್ಟೆಲ್ಲ ಓಡಿ, ಮುಳುಗಿ, ಹತ್ತಿ, ಹುಡುಗ ಬಂದು ಒಂದು ದೊಡ್ಡ ಗಾಜಿನ ತೊಟ್ಟಿಗೆ ಇಳಿಯುತ್ತಾನೆ. ಅದರೊಳಗೆ ಕೈ ಕಾಲು ತಲೆ ಎಲ್ಲ ಒಟ್ಟಿಗೆ ಅಂಟಿದ ಒಂದು ಮಾಂಸದ ಮುದ್ದೆ. ವಯರು ಕೀಳುತ್ತಾನೆ, ಅದು ಇವನನ್ನೇ ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಆಡುವುದು ಆ ಮುದ್ದೆಯಾಗಿ. ಗೋಡೆ ಒಡೆದು, ಗುಡ್ಡದಿಂದ ಉರುಳಿ, ನೀರಿನ ಬದಿಯಲ್ಲಿ ಬಿಸಿಲು ಬಿದ್ದ ಒಂದು ಜಾಗದಲ್ಲಿ ಬಿದ್ದುಕೊಳ್ಳುತ್ತದೆ. ಮುಗಿಯಿತು. ಹೆಸರುಗಳು ಬರುತ್ತವೆ.

ಇದು ಆಳ ಅಲ್ಲ, ಬರೆಯುವವರಿಗೆ ಕೊನೆ ಹೊಳೆಯಲಿಲ್ಲ. ವಿಮರ್ಶಕರು ಇದನ್ನು ಎದುರಿಗೆ ನಿಂತು ಹೇಳಬೇಕಿತ್ತು.

ಜಾಯ್‌ಸ್ಟಿಕ್_ಜೋಯಿಸ

ಕೊನೆ ಹೊಳೆಯದೆ ಹಾಗೆ ಮಾಡಿದ್ದಲ್ಲ, ಅದಕ್ಕೆ ಆಟದೊಳಗೇ ಸಾಕ್ಷಿ ಉಂಟು. ಪ್ರಯೋಗಶಾಲೆಯಲ್ಲಿ ಒಂದು ಕಡೆ ಮಾದರಿ ಇಟ್ಟಿದ್ದಾರೆ ನೋಡಿ, ಸಣ್ಣ ಗುಡ್ಡ, ನೀರು, ಒಂದು ಕಡೆಯಿಂದ ಬೆಳಕು. ಮುದ್ದೆ ಕೊನೆಗೆ ಬಂದು ಬೀಳುವ ಜಾಗವೇ ಅದು. ಅಂದರೆ ತಪ್ಪಿಸಿಕೊಂಡದ್ದೂ ಅವರ ಲೆಕ್ಕದಲ್ಲೇ ಇತ್ತು ಅನ್ನುವವರು ಇದ್ದಾರೆ. ಇನ್ನು ಕೆಲವರು, ಮುದ್ದೆಯೇ ಹುಡುಗನನ್ನು ದೂರದಿಂದ ಕರೆಸಿಕೊಂಡದ್ದು ಅನ್ನುತ್ತಾರೆ. ಆಟದ ನಡುವೆ ಹೆಲ್ಮೆಟ್‌ಗೆ ತಲೆ ಕೊಟ್ಟು ಬೇರೆ ದೇಹಗಳನ್ನು ನಡೆಸುತ್ತೇವಲ್ಲ. ಒಂದು ಕಡೆ ಹಾಗೆ ನಡೆಸಿದ ದೇಹವೇ ಹೋಗಿ ಇನ್ನೊಂದು ಹೆಲ್ಮೆಟ್‌ಗೆ ತಲೆ ಕೊಡುತ್ತದೆ. ಹುಡುಗನ ಮೇಲೂ ಇನ್ನೊಬ್ಬ ಇರಬಾರದು ಅಂತ ಎಲ್ಲಿ ಉಂಟು?

ಮತ್ತೆ ಗುಟ್ಟಿನ ಕೊನೆ ಬೇರೆ. ಅಲ್ಲಲ್ಲಿ ಅಡಗಿಸಿಟ್ಟ ಬೆಳಕಿನ ಗೋಲಗಳನ್ನೆಲ್ಲ ಹುಡುಕಿ ಕೆಡಿಸಿದರೆ, ಮೊದಲು ದಾಟಿ ಬಂದ ಜೋಳದ ಗದ್ದೆಯ ಅಡಿಯಲ್ಲಿ ಒಂದು ಕೋಣೆಗೆ ದಾರಿ. ಅಲ್ಲಿ ಹುಡುಗ ಒಂದು ಪ್ಲಗ್ ಕೀಳುತ್ತಾನೆ. ಕೀಳುತ್ತಿದ್ದ ಹಾಗೆ ಅವನೇ ತಲೆ ಬಗ್ಗಿಸಿ, ಕೈ ಜೋತು ಬಿಟ್ಟು, ಆ ಯಾರೋ ನಡೆಸುವ ದೇಹಗಳು ನಿಲ್ಲುವ ಹಾಗೆಯೇ ನಿಂತುಬಿಡುತ್ತಾನೆ. ಆಟ ಆಡಿಸುತ್ತಿದ್ದದ್ದು ಯಾರು ಹೇಳಿ?

ಉಪ್ಪಳ_ಗೇಟ್

ಇದರಲ್ಲಿ ಹೊಸತು ಎಂತ? ಪಾತ್ರಿಗೆ ದರ್ಶನ ಬಂದದ್ದು. ದೈವ ಬಿಟ್ಟ ಮೇಲೆ ಅವನೂ ಹಾಗೆಯೇ ಜೋತು ನಿಲ್ಲುವುದು, ನೀರು ಕೊಡಿ ಅಂತ.

ಪೊಸಡಿಗುಂಪೆ

ನಗಿಸಬೇಡ ಮಾರಾಯ. ಜೋಯಿಸ್ರೇ, ಪ್ಲಗ್ಗಿನ ಕೊನೆ ನಾನು ನೋಡಿಲ್ಲ. ಆದರೂ ಕೇಳುತ್ತೇನೆ, ಮುಖ್ಯ ವಿಷಯವನ್ನು ಗುಟ್ಟಾಗಿ ಹೂತಿಟ್ಟು, ಹುಡುಕಿದವನಿಗೆ ಮಾತ್ರ ಕೊಡುವುದು ಯಾವ ನ್ಯಾಯ? ಬಂದ ದಿನ ಬರೆದ ವಿಮರ್ಶಕರಲ್ಲಿ ಎಷ್ಟು ಜನ ಅದನ್ನು ನೋಡಿ ಬರೆದಿದ್ದಾರು?

ಬದಿಯಡ್ಕ_ಮಾಷ್ಟ್ರು

ನಾನು ರಿಟೈರ್ ಆದ ಕನ್ನಡ ಮಾಷ್ಟ್ರು. ಆಟ ಅಂದರೆ ಬಯಲಾಟ ಅಂದುಕೊಳ್ಳುವ ಕಾಲದವನು. ಈ ಗುಂಪಿಗೆ ಸೇರಿಸಿದ್ದು ಮೊಮ್ಮಗ. ಅವನು ಈ ಆಟ ಆಡುವಾಗ ಹಿಂದೆ ಕುರ್ಚಿ ಹಾಕಿ ಕೂತು ಪೂರ್ತಿ ನೋಡಿದ್ದೇನೆ, ಹಾಗಾಗಿ ಎರಡು ಮಾತು ಹೇಳಬಹುದು ಅಂದುಕೊಳ್ಳುತ್ತೇನೆ.

ಹುಡುಗ ಒಂದು ಸಾಲಿನೊಳಗೆ ಸೇರುವ ಜಾಗ ಉಂಟಲ್ಲ. ಮುಂದೆಯೂ ಹಿಂದೆಯೂ ಜೀವ ಇಲ್ಲದ ಹಾಗೆ ನಡೆಯುವ ಮನುಷ್ಯರು. ಅವರು ನಡೆದರೆ ನಡೆಯಬೇಕು, ನಿಂತರೆ ನಿಲ್ಲಬೇಕು, ಹಾರಿದರೆ ಹಾರಬೇಕು, ತಿರುಗಿದರೆ ತಿರುಗಬೇಕು. ಆಚೆ ಬದಿಯಲ್ಲಿ ಮುಖವಾಡ ಹಾಕಿದವರು ನಿಂತು ನೋಡುತ್ತಾರೆ, ಒಬ್ಬ ಮಗುವನ್ನೂ ಕರೆದುಕೊಂಡು ಬಂದಿದ್ದಾನೆ, ಸಂತೆಯಲ್ಲಿ ದನ ನೋಡಲು ಬಂದ ಹಾಗೆ. ಮೊಮ್ಮಗ ಒಂದು ಹೆಜ್ಜೆ ತಪ್ಪಿದ. ಹೋಯಿತು. ಮತ್ತೆ ಶುರು. ಮೂರನೆಯ ಸಲಕ್ಕೆ ನನ್ನ ಕಾಲೂ ನೆಲಕ್ಕೆ ತಾಳ ಹಾಕುತ್ತಿತ್ತು. ನನಗೆ ನೆನಪಾದದ್ದು ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ. ಮೇಲೆ ಕೈ, ಕೆಳಗೆ ಐದಾರು ದಾರ, ತುದಿಯಲ್ಲಿ ಕಿರೀಟ ಇಟ್ಟ ಬೊಂಬೆ. ದಾರ ಎಲ್ಲರಿಗೂ ಕಾಣುತ್ತದೆ. ಚೆಂಡೆ ಬಿದ್ದು ಹತ್ತು ನಿಮಿಷ ಆದ ಮೇಲೆ ಯಾರಿಗೂ ಕಾಣುವುದಿಲ್ಲ. ಈ ಆಟದವರು ಅದರ ತಿರುಗಮುರುಗ ಮಾಡಿದ್ದಾರೆ. ಮೊದಲು ದಾರ ಇಲ್ಲ ಅನಿಸುತ್ತದೆ, ಕೊನೆಗೆ ಎಲ್ಲ ಕಡೆ ದಾರವೇ ಕಾಣುತ್ತದೆ.

ಇನ್ನು ಪಾಯಸದ ಪ್ರಶ್ನೆ. ಪೊಸಡಿಗುಂಪೆಯವರು ಹೇಳಿದ್ದು ಸರಿ, ಆದರೆ ಬೇರೆ ಕಾರಣಕ್ಕೆ. ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸುತ್ತಿನವರು. ಪ್ರಸಂಗದ ಕೊನೆ ಯಾರಿಗೆ ಗೊತ್ತಿಲ್ಲ? ವಾಲಿ ಸಾಯುತ್ತಾನೆ ಅಂತ ಗೊತ್ತಿದ್ದೇ ಜನ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಲು ದೂರ ದೂರದಿಂದ ಬರುತ್ತಿದ್ದರು. ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುವಾಗ ನಡೆಯುವುದೇ ವಿಮರ್ಶೆ. ವಾಲಿ ಸತ್ತನಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಸಾಯುವಾಗ ರಾಮನಿಗೆ ಎಂತ ಕೇಳಿದ, ರಾಮ ಅದಕ್ಕೆ ಎಂತ ಹೇಳಲಾರದೆ ಹೋದ, ಮಾತೆಲ್ಲ ಅದರ ಮೇಲೆ.

ಕೊನೆಯನ್ನು ಬಚ್ಚಿಟ್ಟು ಬರೆಯುವ ವಿಮರ್ಶೆ ನನಗೆ ಟಿಕೆಟ್ ಕೌಂಟರಿನ ಮಾತಿನ ಹಾಗೆ ಕೇಳುತ್ತದೆ. ಒಳಗೆ ಹೋಗಿ, ಚೆನ್ನಾಗಿದೆ, ಅಷ್ಟೇ. ಗುಟ್ಟು ಹೊರಬಿದ್ದರೆ ಬಿದ್ದು ಹೋಗುವ ಕೃತಿ ಆಗಿದ್ದರೆ 10 ಕೊಡಬಾರದಿತ್ತು. ಗುಟ್ಟು ಗೊತ್ತಿದ್ದೂ ನಿಲ್ಲುತ್ತದೆ ಅಂತಾದರೆ ಬಚ್ಚಿಡುವ ಅಗತ್ಯ ಇರಲಿಲ್ಲ. ನನ್ನ ಮೊಮ್ಮಗ ಮೂರು ಸಲ ಆಡಿದ. ಮೂರನೆಯ ಸಲ ನಾನೇ ಕೇಳಿ ಆಡಿಸಿದ್ದು.

ಜಾಯ್‌ಸ್ಟಿಕ್_ಜೋಯಿಸ

ಮಾಷ್ಟ್ರೇ, ಈ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ. ನಮ್ಮಲ್ಲಿ ಸ್ಪಾಯ್ಲರ್, ಅಂದರೆ ಆಡದವನಿಗೆ ಕೊನೆ ಹೇಳಿಬಿಡುವುದು, ಕೊಲೆಗಿಂತ ದೊಡ್ಡ ಪಾಪ.

ಒಂದು ಮಾತ್ರ ಅವರ ಪರವಾಗಿ. ಆಟ ಬಿಡುಗಡೆಯಾದ ದಿನವೇ ವಿಮರ್ಶೆ ಬರಬೇಕು ಅನ್ನುವುದು ಈ ವ್ಯಾಪಾರದ ಕ್ರಮ. ಕೊಳ್ಳಬೇಕಾ ಬೇಡವಾ ಅಂತ ಕೇಳುವವನಿಗೆ ಉತ್ತರ ಹೇಳುವುದು ಅವರ ಮೊದಲ ಕೆಲಸ. ನಿಜವಾದ ಮಾತುಕತೆ ಆಮೇಲೆ ತಿಂಗಳುಗಟ್ಟಲೆ ನಡೆಯಿತು. ಮಾದರಿಯ ವಿಷಯ, ಪ್ಲಗ್ಗಿನ ವಿಷಯ, ಮುದ್ದೆಯ ವಿಷಯ ಎಲ್ಲ ಆಟಗಾರರು ಕೂತು ಎಳೆ ಬಿಡಿಸಿದ್ದು. ಅದಕ್ಕೆ ಅಂಕ ಇಲ್ಲ, ಹಾಗಾಗಿ ಮೆಟಾಕ್ರಿಟಿಕ್‌ನಲ್ಲಿ ಕಾಣುವುದಿಲ್ಲ.

ನೀರ್ಚಾಲು_ನೆಟ್

ಎಲ್ಲ ಸರಿ. ಮೂರು ಗಂಟೆಯ ಆಟಕ್ಕೆ ಮೂರು ತಿಂಗಳ ಮಾತು. ರೇಟು ಗಂಟೆಗೆ ಎಷ್ಟು ಬಿತ್ತು ಅಂತ ಈಗ ಮತ್ತೆ ಲೆಕ್ಕ ಹಾಕಬೇಕು.

ಮುಳ್ಳೇರಿಯ_ಮಧ್ಯಾಹ್ನ

ನಡುವೆ ಒಂದು ವಿಷಯ. ‘ಲಿಂಬೊ’ ಬಂದ 2010ರಲ್ಲೇ, ಏಪ್ರಿಲ್‌ನಲ್ಲಿ, ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ವಿಡಿಯೊ ಗೇಮ್ ಎಂದೂ ಕಲೆ ಆಗಲಾರದು ಅಂತ ಬರೆದು ಬೈಗುಳ ತಿಂದಿದ್ದರು. ಜುಲೈ ಬರುವಾಗ ಸ್ವಲ್ಪ ಹಿಂದೆ ಸರಿದರು, ಆಡದೆ ಮಾತಾಡಬಾರದಿತ್ತು ಅಂತ. ಅದೇ ಜುಲೈಯಲ್ಲಿ ‘ಲಿಂಬೊ’ ಬಂತು, 90 ಅಂಕ. ಕಪ್ಪು ಬಿಳಿ ಚಿತ್ರ, ಮಾತಿಲ್ಲ, ಜೇಡರ ಹುಳ ಒಂದು ಮಗುವನ್ನು ಚುಚ್ಚಿ ಕೊಲ್ಲುತ್ತದೆ. ಆಗ ಗೇಮಿನ ವಿಮರ್ಶಕರಿಗೆ ‘ನೋಡಿ ನಮ್ಮದೂ ಕಲೆ’ ಅಂತ ತೋರಿಸಲು ಒಂದು ಬೇಕಿತ್ತು, ಸಿಕ್ಕಿತು. ‘ಇನ್‌ಸೈಡ್’ಗೆ ಬಂದ ಅಂಕದಲ್ಲಿ ಸ್ವಲ್ಪ ಪಾಲು ಆ ಹಳೆಯ ಹಟದ್ದು ಅಂತ ನನ್ನ ಗುಮಾನಿ.

ಸ್ವರ್ಗ_ರೋಡ್

ಎರಡು ದಿನದಿಂದ ಓದುತ್ತಾ ಇದ್ದೇನೆ. ಬರೆಯುವುದಾ ಬೇಡವಾ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಸ್ವರ್ಗ ಅನ್ನುವುದು ತಮಾಷೆಗೆ ಇಟ್ಟ ಹೆಸರಲ್ಲ. ಎಣ್ಮಕಜೆ ಪಂಚಾಯತಿನಲ್ಲಿ, ಪಡ್ರೆ ಹತ್ತಿರ, ನಮ್ಮ ಊರಿನ ಹೆಸರೇ ಅದು. ಸುತ್ತಲಿನ ಗುಡ್ಡದ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು ನಿಮಗೆಲ್ಲ ಗೊತ್ತೇ ಇದೆ. ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಿ ಅನ್ನುತ್ತಿದ್ದರಂತೆ. ನಮ್ಮ ಮನೆಗೆ ನೀರು ಸುರಂಗದ್ದು. ಗುಡ್ಡದ ಹೊಟ್ಟೆಯಿಂದ ಒಸರುವ ನೀರನ್ನು ಯಾವ ಗೋಣಿ ಹಾಕಿ ಮುಚ್ಚುವುದು ಅಂತ ಅಮ್ಮ ಈಗಲೂ ಕೇಳುತ್ತಾಳೆ.

ನನ್ನ ದೊಡ್ಡಮ್ಮನ ಮಗ ಮಲಗಿದಲ್ಲೇ ಹದಿನೆಂಟು ವರ್ಷ ಬದುಕಿದ. ತಲೆ ದೊಡ್ಡದು, ಕಾಲು ಮಡಚಿದ್ದು. ನನ್ನ ದನಿ ಕೇಳಿದರೆ ನಗುತ್ತಿದ್ದ. ನಾನು ಸಣ್ಣವಳಿರುವಾಗ ಅವನನ್ನು ನೋಡಲು ಜನ ಬರುತ್ತಿದ್ದರು. ಒಳ್ಳೆಯ ಮನಸ್ಸಿನವರೇ, ಬರೆಯುವವರು, ಫೋಟೊ ತೆಗೆಯುವವರು. ಅವರು ಬಂದದ್ದರಿಂದಲೇ ಹೊರಗಿನವರಿಗೆ ವಿಷಯ ಗೊತ್ತಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನೇ ನಿಲ್ಲಿಸಿತು, ಅದೂ ಗೊತ್ತಿದೆ. ಆದರೆ ನನಗೆ ಒಂದು ದಿನ ಮಾತ್ರ ಮರೆಯುವುದಿಲ್ಲ. ಒಬ್ಬರು ಕ್ಯಾಮೆರಾ ಹಿಡಿದು, ‘ಚಾದರ ಸ್ವಲ್ಪ ಸರಿಸಿ, ಕಾಲು ಕಾಣಲಿ’ ಅಂದರು. ದೊಡ್ಡಮ್ಮ ಸರಿಸಿದಳು. ಅವನು ಕೈಯಿಂದ ಚಾದರ ಮತ್ತೆ ಎಳೆದುಕೊಳ್ಳಲು ನೋಡಿದ. ಕೈಗೆ ಎಟುಕಲಿಲ್ಲ.

ಆಟಕ್ಕೆ ಬರುತ್ತೇನೆ. ತೊಟ್ಟಿಯ ಮುಂದೆ ಬರುವಾಗ ಅಲ್ಲಿನ ಜನ ಎಂತ ಮಾಡುತ್ತಾರೆ ಅಂತ ಗಮನಿಸಿದಿರಾ? ಮೊದಲಿನಿಂದ ಹುಡುಗನನ್ನು ಹಿಡಿಯಲು ನಾಯಿ ಬಿಟ್ಟವರು, ಈಗ ಅವನು ಪಕ್ಕದಲ್ಲೇ ನಡೆದುಕೊಂಡು ಹೋದರೂ ತಿರುಗಿ ನೋಡುವುದಿಲ್ಲ. ಓಡಿ ಓಡಿ ಬಂದು ಗಾಜಿಗೆ ಮುಖ ಒತ್ತಿ ನಿಂತಿದ್ದಾರೆ. ಮುದ್ದೆ ಹೊರಗೆ ಬಂದ ಮೇಲೂ ಹಾಗೆಯೇ, ಕೆಲವರು ಓಡುತ್ತಾರೆ, ಕೆಲವರು ನಿಂತು ನೋಡುತ್ತಾರೆ, ಒಬ್ಬಿಬ್ಬರು ಸಹಾಯವನ್ನೂ ಮಾಡುತ್ತಾರೆ, ಆಮೇಲೆ ನೋಡಿದರೆ ಬೋನಿಗೆ ಬೀಳಿಸುತ್ತಾರೆ.

ನಾನು ಓದಿದ ವಿಮರ್ಶೆಗಳಲ್ಲಿ ಆ ಮುದ್ದೆಗೆ ಅಸಹ್ಯ, ರಾಕ್ಷಸ, ವಿಕಾರ ಅನ್ನುವ ಮಾತೇ ಜಾಸ್ತಿ. ಆಡುವಾಗ ಅದರ ಸ್ವರ ಕೇಳಿ. ನರಳುತ್ತದೆ. ಬಾಗಿಲಿಗೆ ತಾಗಿದರೆ ನೋವಾದ ಹಾಗೆ ಹಿಂದೆ ಸರಿಯುತ್ತದೆ. ಒಂದು ಪೆಟ್ಟಿಗೆ ಎತ್ತಬೇಕಾದರೆ ಹತ್ತು ಕೈ ಸೇರಿ ಎತ್ತುತ್ತವೆ, ಒಂದು ಕೈ ಜಾರಿದರೆ ಇನ್ನೊಂದು ಹಿಡಿಯುತ್ತದೆ. ನನಗೆ ಒಂದು ಸಲವೂ ಅದು ಅಸಹ್ಯ ಅನಿಸಲಿಲ್ಲ. ಗಾಜಿನ ಆಚೆ ಟೈ ಕಟ್ಟಿ ನಿಂತವರನ್ನು ನೋಡಿ ಹೆದರಿಕೆ ಆಯಿತು.

ಪೊಸಡಿಗುಂಪೆ

ಅಕ್ಕಾ, ನಾನು ಅದನ್ನು ಮಾಂಸದ ಮುದ್ದೆ ಅಂತ ಬರೆದೆ. ಈಗ ಮೇಲೆ ಹೋಗಿ ಓದಿದರೆ ನನಗೇ ಒಂದು ರೀತಿ ಆಗುತ್ತಿದೆ.

ಸ್ವರ್ಗ_ರೋಡ್

ಅಳಿಸಬೇಡಿ, ಇರಲಿ. ಅದಕ್ಕೆ ಬೇರೆ ಹೆಸರು ನನಗೂ ಗೊತ್ತಿಲ್ಲ.

ನೀರ್ಚಾಲು_ನೆಟ್

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಒಂದು ಇರುಸುಮುರುಸು ಇದೆ. ನಮ್ಮ ಅಜ್ಜಿ ಮನೆಯೂ ಆ ಕಡೆಯೇ. ನಮ್ಮವರ ಕಷ್ಟವನ್ನು ಹೀಗೆ ಒಂದು ಗೇಮಿನ ಪಕ್ಕ ಇಟ್ಟು ನೋಡುವುದು ಸರಿಯಾ? ಡೆನ್ಮಾರ್ಕಿನವರಿಗೆ ಎಣ್ಮಕಜೆ ಗೊತ್ತುಂಟಾ? ಅವರು ಇಡದ ಅರ್ಥವನ್ನು ನಾವು ತುರುಕಿದ ಹಾಗೆ ಆಗುವುದಿಲ್ಲವಾ?

ಸ್ವರ್ಗ_ರೋಡ್

ಅವರಿಗೆ ಗೊತ್ತಿರಲಿಕ್ಕಿಲ್ಲ. ಆಟ ನಮ್ಮ ಊರಿನ ಬಗ್ಗೆ ಅಂತ ನಾನು ಹೇಳಲಿಲ್ಲ. ಮಾತಿಲ್ಲದೆ ಬಿಟ್ಟದ್ದು ಅವರೇ ಅಲ್ವಾ? ಪ್ಲಗ್ ಕಿತ್ತವರು ಜೋಯಿಸ್ರು, ದಾರ ಕಂಡವರು ಮಾಷ್ಟ್ರು. ನನಗೆ ಚಾದರ ನೆನಪಾಯಿತು. ನನ್ನ ತಕರಾರು ವಿಮರ್ಶೆ ಬರೆದವರ ಮೇಲೆ. ಅಷ್ಟು ಜನ ಗಾಜಿನ ಹೊರಗೆ ನಿಂತೇ ಬರೆದರು, ಒಳಗೆ ಹೋಗಿ ಅದೇ ಆಗಿ ಆಡಿದ ಮೇಲೂ.

ಬದಿಯಡ್ಕ_ಮಾಷ್ಟ್ರು

ತಂಗೀ, ನೀವು ಬರೆದದ್ದನ್ನು ಮೊಮ್ಮಗನಿಗೆ ಓದಿ ಹೇಳಿದೆ. ಅವನು ಎದ್ದು ಹೋಗಿ ಕಂಪ್ಯೂಟರ್ ಹಾಕಿ ಆ ಜಾಗ ಮತ್ತೆ ತೆರೆದು ನೋಡುತ್ತಿದ್ದಾನೆ. ಗಾಜಿನ ಹತ್ತಿರ ಸುಮ್ಮನೆ ನಿಲ್ಲಿಸಿ ಇಟ್ಟಿದ್ದಾನೆ. ಮುಂದೆ ಹೋಗುತ್ತಾ ಇಲ್ಲ.

ಮುಳ್ಳೇರಿಯ_ಮಧ್ಯಾಹ್ನ

ನನ್ನ ಗುಮಾನಿಯ ಮಾತು ಈಗ ಸಣ್ಣದಾಗಿ ಕಾಣುತ್ತಿದೆ. ಇರಲಿ ಬಿಡಿ. ಪ್ಲೇಡೆಡ್‌ಗೆ ಡೆನ್ಮಾರ್ಕಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದಲೂ ಹಣದ ನೆರವು ಸಿಕ್ಕಿತ್ತು. ಅರ್ಥ ಎಂತ ಅಂತ ಮೊದಲೇ ಬರೆದು ಕೊಡಿ ಅಂತ ಯಾರೂ ಹಟ ಹಿಡಿಯಲಿಲ್ಲ ಅನಿಸುತ್ತದೆ. ನಮ್ಮಲ್ಲಿ ಒಂದು ಬೀದಿ ನಾಟಕಕ್ಕೆ ಸಹಾಯ ಕೇಳಿದರೆ ಸಂದೇಶ ಏನು ಅಂತ ಕಾಲಂ ತುಂಬಿಸಬೇಕು.

ಜಾಯ್‌ಸ್ಟಿಕ್_ಜೋಯಿಸ

ಒಂದು ಟೆಸ್ಟರ್ ಮಾತು ಹೇಳಿ ಮುಗಿಸುತ್ತೇನೆ. ಹತ್ತು ಕೈ ಸೇರಿ ಪೆಟ್ಟಿಗೆ ಎತ್ತುತ್ತವೆ ಅಂದಿರಲ್ಲ ಅಕ್ಕ, ಮಾಡುವವರಿಗೆ ಅದಕ್ಕಿಂತ ತಲೆನೋವು ಬೇರೆ ಇಲ್ಲ. ಒಬ್ಬ ಮನುಷ್ಯ ನಡೆಯುವುದನ್ನು ತೋರಿಸಲು ಮೊದಲೇ ಚಿತ್ರಿಸಿಟ್ಟ ಚಲನೆ ಸಾಕು. ಇದಕ್ಕೆ ಮುಂದೆ ಹಿಂದೆ ಇಲ್ಲ, ತಲೆ ಯಾವುದು ಕಾಲು ಯಾವುದು ಅಂತ ಇಲ್ಲ. ನೆಲ ಎಲ್ಲಿ ತಾಗಿತೋ ಅಲ್ಲಿದ್ದ ಕೈ ಊರಬೇಕು, ಗೋಡೆ ಎಲ್ಲಿ ಸಿಕ್ಕಿತೋ ಅಲ್ಲಿ ಅಪ್ಪಚ್ಚಿ ಆಗಬೇಕು. ನಾನು ಅದನ್ನು ಕೆಡಿಸಲು ನೋಡಿದೆ, ಚಟ ನೋಡಿ. ಮೂಲೆಗೆ ತುರುಕಿದೆ, ಬಾಗಿಲಿಗೆ ಸಿಕ್ಕಿಸಿದೆ. ಎಲ್ಲಿಯೂ ಒಂದು ಕೈ ಗೋಡೆಯೊಳಗೆ ತೂರಿ ಹೋದದ್ದು ನನಗೆ ಸಿಗಲಿಲ್ಲ.

ನೀರ್ಚಾಲು_ನೆಟ್

ಸರಿ ಅಕ್ಕ, ನಿಮ್ಮ ಮಾತು ಅರ್ಥವಾಯಿತು. ಪೂರ್ತಿ ಒಪ್ಪಿದೆ ಅಂತ ಅಲ್ಲ. ರೇಟಿನ ವಿಷಯದಲ್ಲಿ ಮಾತ್ರ ನನ್ನನ್ನು ಯಾರೂ ಅಲ್ಲಾಡಿಸಲಾರಿರಿ.

ಪೊಸಡಿಗುಂಪೆ

ನಿನ್ನೆ ರಾತ್ರಿ ಮತ್ತೆ ಆಡಿದೆ. ಈ ಸಲ ಓಡಲಿಲ್ಲ, ನಿಧಾನ ಹೋದೆ. ಮಾದರಿ ಕಾಣಿಸಿತು. ಅಷ್ಟು ದೊಡ್ಡದಾಗಿ ಎದುರಿಗೇ ಇದೆ, ಮೊದಲ ಸಲ ಹೇಗೆ ಕಾಣದೆ ಹೋಯಿತೋ ಗೊತ್ತಿಲ್ಲ. ಕೊನೆ ಬಂದಾಗ ಕೈ ಕೀಬೋರ್ಡಿನಿಂದ ತೆಗೆದು ಕೂತೆ. ಅಕ್ಕಾ, ನೀವು ಮೊದಲ ಸಲ ಆ ಬಿಸಿಲಿನ ಜಾಗಕ್ಕೆ ಬಂದಾಗ ಎಂತ ಮಾಡಿದಿರಿ? ಸುಮ್ನೆ ಕೇಳಿದ್ದು.

ಸ್ವರ್ಗ_ರೋಡ್

ಅಮ್ಮ ಹಿಂದೆ ಕೂತು ಗೇರುಬೀಜ ಸುಲಿಯುತ್ತಿದ್ದಳು. ಗೇಮ್ ಅಂದರೆ ಅವಳಿಗೆ ಆಗುವುದಿಲ್ಲ, ಕಣ್ಣು ಹಾಳು ಅಂತ ಬೈಗುಳ. ಅದು ಗುಡ್ಡದಿಂದ ಉರುಳುವಾಗ ತಲೆ ಎತ್ತಿ ನೋಡಿದಳು. ಹುಲ್ಲಿನ ಮೇಲೆ ಬಂದು ನಿಂತಿತು. ನಾನು ಬಟನ್ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ‘ಬಿಡು, ಅದಕ್ಕೆ ಸ್ವಲ್ಪ ಬಿಸಿಲು ಕಾಯಿಸಿಕೊಳ್ಳಲಿ’ ಅಂದಳು ಅಮ್ಮ.

ಪೊಸಡಿಗುಂಪೆ

ಗೋಲಗಳಲ್ಲಿ ಎರಡು ಬಾಕಿ ಉಂಟು. ಒಂದು ನೀರಿನ ಭಾಗದಲ್ಲಿ ಇರಬೇಕು ಅಂತ ಅಂದಾಜು. ಯೂಟ್ಯೂಬ್ ನೋಡುವುದಿಲ್ಲ ಅಂತ ಹಟ ಹಿಡಿದಿದ್ದೇನೆ. ಯಾರಾದರೂ ಎಡಕ್ಕಾ ಬಲಕ್ಕಾ ಅಂತ ಮಾತ್ರ ಹೇಳಿ.

ಉಪ್ಪಳ_ಗೇಟ್

ಸ್ಪಾಯ್ಲರ್ ಹೇಳುವುದಿಲ್ಲ. ನೀವೇ ಉಂಡು ನೋಡಿ.